ಒಂದು ತಲೆಯ ತೂಕ

1571ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಉಪಕುಲಪತಿ ಜಾನ್ ವಿಟ್‌ಗಿಫ್ಟ್ ಒಂದು ಆಜ್ಞೆ ಹೊರಡಿಸಿದ. ವಿದ್ಯಾರ್ಥಿಗಳು ಆ ಸೀಮೆಯ ಯಾವ ಹೊಳೆಗೂ ಕೊಳಕ್ಕೂ ಈಜಲೆಂದು ಇಳಿಯಕೂಡದು. ಮೊದಲ ಸಲ ಸಿಕ್ಕಿಬಿದ್ದವನಿಗೆ ಎಲ್ಲರೆದುರು ಛಡಿಯೇಟು. ಎರಡನೆಯ ಸಲ ಸಿಕ್ಕಿಬಿದ್ದರೆ ಓದೇ ಮುಗಿಯಿತು, ವಿಶ್ವವಿದ್ಯಾಲಯದಿಂದ ಹೊರಗೆ. ನೀರಿನ ಅಪಾಯಕ್ಕೆ ಅಧಿಕಾರದಲ್ಲಿದ್ದವರು ಎಲ್ಲ ಕಾಲದಲ್ಲೂ ಮೊದಲು ಹುಡುಕುವ ಮದ್ದು ಇದೇ. ಇಂದಿಗೂ ಕೆರೆ ಏರಿಯ ಮೇಲೆ, ಜಲಾಶಯದ ಹಿನ್ನೀರಿನ ಬಳಿ ನಿಂತಿರುವ ಬೋರ್ಡು ಹೇಳುವುದು ಅದನ್ನೇ: ಇಳಿಯಬೇಡಿ. ಕಾಲು ಜಾರಿ ಬಿದ್ದವನು ಏನು ಮಾಡಬೇಕು ಎಂಬುದು ಬೋರ್ಡಿನ ಮೇಲೆ ಇರುವುದಿಲ್ಲ.

ಆಜ್ಞೆ ಹೊರಟ 16 ವರ್ಷಕ್ಕೆ, ಅಂದರೆ 1587ರಲ್ಲಿ, ಅದೇ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಫೆಲೊ ಎವರರ್ಡ್ ಡಿಗ್ಬಿ ಈಜಿನ ಮೇಲೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹೆಸರು 'ದೆ ಆರ್ಟೆ ನತಾಂದಿ', ಈಜುವ ಕಲೆ ಎಂದು ಅರ್ಥ. ಡಿಗ್ಬಿ ಸ್ವಲ್ಪ ತರಲೆ ಮನುಷ್ಯ. ಕಾಲೇಜಿನೊಳಗೆ ಕೊಂಬು ಊದುತ್ತಾನೆ, ಕೂಗಾಡುತ್ತಾನೆ ಎಂಬುದೂ ಅವನ ಮೇಲಿದ್ದ ದೂರುಗಳಲ್ಲಿ ಒಂದು. ಪುಸ್ತಕದ ತುಂಬ ಮರದಚ್ಚಿನ ಚಿತ್ರಗಳು: ದಡದಿಂದ ಇಳಿಯುವುದು ಹೇಗೆ, ಅಂಗಾತ ಮಲಗುವುದು ಹೇಗೆ, ಮಗ್ಗುಲಾಗುವುದು ಹೇಗೆ. ನೀರಿನಲ್ಲಿ ತೇಲುತ್ತಲೇ ಕಾಲಿನ ಉಗುರು ಕತ್ತರಿಸಿಕೊಳ್ಳುವವನ ಚಿತ್ರವೂ ಇದೆ. ಅದು ತಮಾಷೆಯೆಂದು ಓದುಗರು ಇಂದು ನಗುತ್ತಾರೆ. ಆದರೆ ಎರಡೂ ಕೈಗಳನ್ನು ಈಜಿನಿಂದ ಬಿಡಿಸಿಕೊಂಡು, ಒಂದು ಕಾಲನ್ನೂ ಎತ್ತಿಕೊಂಡು ಮುಳುಗದೆ ಇರಬಲ್ಲವನು ನೀರಿನ ವಿಷಯದಲ್ಲಿ ಕಲಿಯಬೇಕಾದ ಮೊದಲ ಪಾಠವನ್ನು ಕಲಿತಿದ್ದಾನೆ ಎಂದೇ ಅರ್ಥ. ಈಜುವುದು ಬೇರೆ, ತೇಲುವುದು ಬೇರೆ. ಮೊದಲನೆಯದಕ್ಕೆ ಬಲ ಬೇಕು, ಎರಡನೆಯದಕ್ಕೆ ಬೇಕಾದದ್ದು ದೇಹದ ಲೆಕ್ಕ.

ಲೆಕ್ಕದ ಮೂಲ ಆರ್ಕಿಮಿಡಿಸ್‌ನದು. ಮುಳುಗಿದ ವಸ್ತು ಎಷ್ಟು ನೀರನ್ನು ಬದಿಗೊತ್ತುತ್ತದೆಯೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಅದನ್ನು ಮನುಷ್ಯನ ಮೈಗೆ ಹಚ್ಚಿ ನೋಡಿದವರು ಮಾತ್ರ ಕಡಿಮೆ. 60 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. ಎದೆ ತುಂಬ ಉಸಿರೆಳೆದುಕೊಂಡಾಗ ಅವರ ದೇಹ ತುಂಬುವ ಜಾಗ ಸುಮಾರು 61.5ರಿಂದ 62 ಲೀಟರ್. ಪೂರ್ತಿ ಮುಳುಗಿದರೆ ನೀರು ಅವರನ್ನು 61.5 ಕಿಲೋಗೂ ಹೆಚ್ಚು ಬಲದಿಂದ ಎತ್ತುತ್ತದೆ. ಅಂದರೆ ಒಂದೂವರೆಯಿಂದ ಎರಡು ಕಿಲೋ ಲಾಭ. ಉಸಿರು ಪೂರ್ತಿ ಹೊರಹಾಕಿದರೆ ಶ್ವಾಸಕೋಶದಿಂದ ನಾಲ್ಕು ಲೀಟರಿನಷ್ಟು ಗಾಳಿ ಹೋಗುತ್ತದೆ, ಲಾಭ ನಷ್ಟವಾಗುತ್ತದೆ, ಮೈ ತಳಕ್ಕಿಳಿಯುತ್ತದೆ. ತೇಲುವುದಕ್ಕೂ ಮುಳುಗುವುದಕ್ಕೂ ನಡುವೆ ಇರುವುದು ಅರ್ಧ ಉಸಿರು. ಮೈಯಲ್ಲಿ ಕೊಬ್ಬು ಹೆಚ್ಚಿದ್ದವರಿಗೆ ಲಾಭ ತುಸು ಹೆಚ್ಚು, ಬಿಗಿಮೈಯ ತೆಳ್ಳಗಿನ ಹುಡುಗರಿಗೆ ಕಡಿಮೆ. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಹಾಗಾಗಿ ಅಲ್ಲಿ ಇನ್ನೊಂದೂವರೆ ಕಿಲೋ ಸೇರುತ್ತದೆ.

ಈಗ ತೊಡಕಿನ ವಿಷಯ. ಮನುಷ್ಯನ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ. ನೀರಿನಿಂದ ಹೊರಗೆ ಬಂದ ಭಾಗವನ್ನು ನೀರು ಎತ್ತುವುದಿಲ್ಲ. ಎರಡು ಕಿಲೋ ಲಾಭ ಇಟ್ಟುಕೊಂಡವರು ಐದು ಕಿಲೋ ತಲೆಯನ್ನು ಪೂರ್ತಿಯಾಗಿ ಮೇಲೆತ್ತಿ ಹಿಡಿಯಲಾರರು. ಸಿಹಿನೀರಿನಲ್ಲಿ ನೆಟ್ಟಗೆ ನಿಂತು ಅಲುಗಾಡದೆ ಬಿಟ್ಟರೆ ಸಾಮಾನ್ಯ ಮನುಷ್ಯನ ಮೈ ನೀರಿನ ಮಟ್ಟ ಕಣ್ಣು, ಹಣೆಯ ಹತ್ತಿರ ಬಂದಾಗ ನಿಲ್ಲುತ್ತದೆ. ಮೈ ತೇಲುತ್ತಿದೆ, ಮೂಗು ಮಾತ್ರ ನೀರಿನೊಳಗೆ. ಅದರ ಮೇಲೆ "ಕಾಪಾಡಿ" ಎಂದು ಒಂದು ಕೈ ಎತ್ತಿದರೆ ಇನ್ನೂ ಮೂರು ಕಿಲೋದಷ್ಟು ಭಾರವನ್ನು ನೀರಿನಿಂದ ಹೊರಗೆ ಹಾಕಿದಂತೆ. ಹಾಗೆ ಕೈ ಎತ್ತಿದವರು ಕೆಳಗೆ ಹೋಗಲೇಬೇಕು. ಅದೇ ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಿವಿ ಮುಳುಗುವಂತೆ ಅಂಗಾತವಾದರೆ ನೀರಿನಿಂದ ಹೊರಗೆ ಉಳಿಯುವುದು ಮುಖ ಮಾತ್ರ. ಅದಕ್ಕೆ ಎರಡು ಕಿಲೋ ಸಾಕು.

ಇದನ್ನು ತೂಗಿ ನೋಡುವ ಯತ್ನ 18ನೆಯ ಶತಮಾನದಲ್ಲಿ ನಡೆಯಿತು. ಜಾನ್ ರಾಬರ್ಟ್‌ಸನ್ ಎಂಬ ಗಣಿತಜ್ಞ ನೀರಿನ ತೊಟ್ಟಿಯಲ್ಲಿ ಹತ್ತು ಜನರನ್ನು ಮುಳುಗಿಸಿ, ಏರಿದ ನೀರನ್ನು ಅಳೆದು, 1757ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಬರೆದ. ಹಡಗು ಒಡೆದಾಗ ಒಬ್ಬ ಮನುಷ್ಯನನ್ನು ತೇಲಿಸಲು ಎಷ್ಟು ಮರ ಬೇಕು ಎಂಬುದು ಅವನ ಪ್ರಶ್ನೆ. ಮನುಷ್ಯರು ನೀರಿಗಿಂತ ಭಾರ ಎಂದುಕೊಂಡು ಹೊರಟವನಿಗೆ ಹೆಚ್ಚಿನವರು ನೀರಿಗಿಂತ ಹಗುರ ಎಂಬುದು ಕಂಡಿತು.

ಆದರೆ ಈ ಸಂಗತಿಯನ್ನು ಪಾಠವಾಗಿ ಮಾಡಿದವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿಗೂ ಗಾಳಿಪಟಕ್ಕೂ ಹೆಸರಾದ ಈತ ಹುಡುಗನಾಗಿದ್ದಾಗ, ಡಿಗ್ಬಿಯ ಪುಸ್ತಕದಿಂದ ಬಹಳಷ್ಟು ಎತ್ತಿಕೊಂಡು ಫ್ರೆಂಚಿನಲ್ಲಿ ಬಂದಿದ್ದ ತೆವನೋ ಎಂಬವನ ಈಜುಪುಸ್ತಕವನ್ನು ಓದಿ, ಅದರಲ್ಲಿದ್ದ ಪಟ್ಟುಗಳನ್ನೆಲ್ಲ ಸ್ವತಃ ಮಾಡಿ ನೋಡಿದ್ದ. ಚಿತ್ರಕಾರರು ಬಣ್ಣ ಕಲಸುವ ಹಲಗೆಯಂಥ ಎರಡು ಹಲಗೆ ಮಾಡಿ ಅಂಗೈಗೆ ಸಿಕ್ಕಿಸಿಕೊಂಡು ವೇಗ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿದ್ದ. ಹೆಚ್ಚಿತು, ಮಣಿಕಟ್ಟು ಸೋತುಹೋಯಿತು. 1726ರಲ್ಲಿ ಲಂಡನ್ನಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದಾಗ ಗೆಳೆಯರೆದುರು ಚೆಲ್ಸಿಯಿಂದ ಬ್ಲ್ಯಾಕ್‌ಫ್ರೈಯರ್ಸ್‌ವರೆಗೆ ಥೇಮ್ಸ್ ನದಿಯಲ್ಲಿ ಈಜಿದ. ಸುದ್ದಿ ಹರಡಿ, ಶ್ರೀಮಂತನೊಬ್ಬ ತನ್ನ ಮಕ್ಕಳಿಗೆ ಕಲಿಸು ಎಂದು ಕರೆಸಿದ. ಲಂಡನ್ನಿನಲ್ಲೇ ಉಳಿದು ಈಜುಶಾಲೆ ತೆಗೆದರೆ ಒಳ್ಳೆಯ ದುಡ್ಡಾಗಬಹುದಿತ್ತು ಎಂದು ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಶಾಲೆ ತೆಗೆಯಲಿಲ್ಲ. ಆಲಿವರ್ ನೀವ್ ಎಂಬ ಪರಿಚಿತನಿಗೆ ಬರೆದ ಒಂದು ಕಾಗದ ಮಾತ್ರ ಒಂದು ಶಾಲೆಯಷ್ಟು ಕೆಲಸ ಮಾಡಿತು.

ಈ ವಯಸ್ಸಿನಲ್ಲಿ ಈಜು ಕಲಿಯಲಾಗದು ಎಂದು ನೀವ್ ಕೈಚೆಲ್ಲಿದ್ದ. ಫ್ರಾಂಕ್ಲಿನ್ ಕೊಟ್ಟ ಉಪಾಯ ಹೀಗೆ. ನೀರು ನಿಧಾನವಾಗಿ ಆಳವಾಗುವ ಜಾಗ ಆರಿಸಿಕೋ. ಎದೆಮಟ್ಟ ಬರುವವರೆಗೆ ನಡೆ. ಆಮೇಲೆ ದಡಕ್ಕೆ ಮುಖಮಾಡಿ ತಿರುಗಿ, ನಿನಗೂ ದಡಕ್ಕೂ ನಡುವೆ ಒಂದು ಮೊಟ್ಟೆ ಎಸೆ. ಅದು ತಳ ಸೇರುತ್ತದೆ, ತಿಳಿನೀರಿನಲ್ಲಿ ಬಿಳಿಯಾಗಿ ಕಾಣುತ್ತದೆ. ಕಣ್ಣು ತೆರೆದುಕೊಂಡೇ ಮುಳುಗಿ ಅದನ್ನು ಎತ್ತಿಕೊಂಡು ಬಾ. ಆಗ ಗೊತ್ತಾಗುತ್ತದೆ: ನೀರು ಕೆಳಗೆ ಹೋಗಲು ಬಿಡುವುದಿಲ್ಲ, ನಿನ್ನ ಇಷ್ಟಕ್ಕೆ ವಿರುದ್ಧವಾಗಿ ಮೇಲಕ್ಕೆ ತಳ್ಳುತ್ತದೆ, ಮೊಟ್ಟೆಯ ಬಳಿ ಹೋಗಲು ಬಲ ಹಾಕಬೇಕಾಗುತ್ತದೆ. ಮುಳುಗುವುದು ಕಷ್ಟ ಎಂದು ಮೈಗೆ ಅರ್ಥವಾದ ಮೇಲೆಯೇ ಉಳಿದ ಪಾಠ. ಹೋಗುವ ದಿಕ್ಕು ದಡದ ಕಡೆಗೇ ಇರುವುದರಿಂದ ಯಾವಾಗ ಬೇಕಾದರೂ ಕಾಲೂರಿ ನಿಲ್ಲಬಹುದು. ಈಜು ಕಲಿಸಿದವರ ಸಾಲಿನಲ್ಲಿ ಇಷ್ಟು ಅಗ್ಗದ, ಇಷ್ಟು ಜಾಣ ಪ್ರಯೋಗವನ್ನು ಇನ್ನೊಬ್ಬರು ಹೇಳಿಕೊಟ್ಟಿದ್ದು ಅಪರೂಪ.

ಅದೇ ಕಾಗದದಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ತಲೆ, ಕೈ, ಕಾಲು ಗಟ್ಟಿ ಭಾಗಗಳು, ಸಿಹಿನೀರಿಗಿಂತ ಸ್ವಲ್ಪ ಭಾರ. ಎದೆಗೂಡು ಟೊಳ್ಳು, ನೀರಿಗಿಂತ ಬಹಳ ಹಗುರ. ಹಾಗಾಗಿ ಬಿದ್ದವನು ಒದ್ದಾಡದೆ ಅಂಗಾತವಾಗಿ ತಲೆ ಹಿಂದಕ್ಕೆ ಇಟ್ಟರೆ ಮೂಗು ಬಾಯಿ ಮೇಲೆ ಉಳಿಯುತ್ತವೆ, ಸಹಾಯ ಬರುವವರೆಗೆ ಬದುಕಬಹುದು. ತೊಟ್ಟ ಬಟ್ಟೆ ಎಳೆದು ಮುಳುಗಿಸುತ್ತದೆ ಎಂಬ ಭಯ ಸುಳ್ಳು. ನೀರಿನೊಳಗೆ ಅದನ್ನೂ ನೀರೇ ಹೊರುತ್ತದೆ, ದಡಕ್ಕೆ ಹತ್ತುವಾಗಷ್ಟೇ ಅದು ಭಾರ. ಆದರೆ, ಎನ್ನುತ್ತಾನೆ ಫ್ರಾಂಕ್ಲಿನ್, ಇದೆಲ್ಲ ಗೊತ್ತಿದೆ ಎಂದು ನಂಬಿ ಕೂರಬೇಡ. ಗಾಬರಿಯ ಗಳಿಗೆಯಲ್ಲಿ ಅದು ನೆನಪಾಗದು. ಮೈಗೆ ಕಲಿಸಿಡಬೇಕು.

ನೇಪಲ್ಸ್‌ನ ಪಾದ್ರಿ ಓರೊಂಝಿಯೊ ದೆ ಬೆರ್ನಾರ್ದಿ 1794ರಲ್ಲಿ 'ತೇಲುವ ಮನುಷ್ಯ' ಎಂಬರ್ಥದ ಪುಸ್ತಕ ಬರೆದು, ಈಜಿನ ಪಾಠ ತೇಲುವುದರಿಂದಲೇ ಶುರುವಾಗಬೇಕು ಎಂದು ವಾದಿಸಿದ. ಅಷ್ಟರಲ್ಲಿ ಯುರೋಪಿನ ಸೈನ್ಯಗಳಿಗೆ ನದಿ ದಾಟಬಲ್ಲ ಸಿಪಾಯಿಗಳು ಬೇಕಾದರು. ಪ್ರಷ್ಯಾದ ಸೇನಾಧಿಕಾರಿ ಎರ್ನ್‌ಸ್ಟ್ ಫಾನ್ ಪ್ಫುಯೆಲ್ 1817ರಲ್ಲಿ ತನ್ನ ಪದ್ಧತಿಯನ್ನು ಅಚ್ಚು ಹಾಕಿಸಿದ: ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ದಡದವನ ಕೋಲಿಗೆ, ಕಪ್ಪೆಯ ಹಾಗೆ ಕೈಕಾಲು ಬಡಿಯುವುದನ್ನು ಎಣಿಕೆಗೆ ಸರಿಯಾಗಿ ಕಲಿಸುವುದು. ಸೊಂಟಕ್ಕೆ ಹಗ್ಗ ಬಿಗಿದು ಬಾವಿಗಿಳಿಸುವ ಕನ್ನಡನಾಡಿನ ಹಳ್ಳಿಗಳ ರೂಢಿಗೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿದೆ. ವ್ಯತ್ಯಾಸವೂ ಇದೆ. ಹಳ್ಳಿಯಲ್ಲಿ ಹಗ್ಗದ ಜೊತೆಗೆ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟುತ್ತಾರೆ, ಇಲ್ಲವೇ ಕೈಗೆ ಬಾಳೆದಿಂಡು ಕೊಡುತ್ತಾರೆ. ಮಗು ಮೊದಲು ತೇಲುತ್ತದೆ, ಆಮೇಲೆ ಬಡಿಯುತ್ತದೆ. ಪ್ರಷ್ಯಾದ ಕವಾಯತಿನಲ್ಲಿ ಬಡಿತವೇ ಮೊದಲಾಯಿತು.

ಅಲ್ಲಿಂದ ಮುಂದಿನದು ವೇಗದ ಕಥೆ. 1844ರಲ್ಲಿ ಲಂಡನ್ನಿನ ಕೊಳವೊಂದರಲ್ಲಿ ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ತೋಳು ಬೀಸಿ ಈಜಿ ತೋರಿಸಿದಾಗ ಗಾಳಿಯಂತ್ರದ ರೆಕ್ಕೆಯ ಹಾಗೆ ನೀರು ಬಡಿಯುತ್ತಾರೆ ಎಂದು ಪತ್ರಿಕೆ ಮೂಗು ಮುರಿಯಿತು. ಕೆಲವು ದಶಕಗಳಲ್ಲಿ ಅದೇ ಬಗೆಯ ಬಡಿತ ಸ್ಪರ್ಧೆಗಳನ್ನು ಆಳತೊಡಗಿತು. 20ನೆಯ ಶತಮಾನದಲ್ಲಿ ವಿಜ್ಞಾನವೂ ಅದರ ಹಿಂದೆ ಹೋಯಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ಅಮೆರಿಕದ ಪೀಟರ್ ಕಾರ್ಪೊವಿಚ್ 1933ರಲ್ಲಿ ಈಜುವವರನ್ನು ಎಳೆದು ಈ ತಡೆಯನ್ನು ಅಳೆದರು. ಇಂಡಿಯಾನಾದ ತರಬೇತುದಾರ ಜೇಮ್ಸ್ ಕೌನ್ಸಿಲ್‌ಮನ್ ನೀರಿನಡಿ ಕ್ಯಾಮೆರಾ ಇಟ್ಟು, ಒಳ್ಳೆಯ ಈಜುಗಾರರ ಕೈ ನೇರವಾಗಿ ಹಿಂದಕ್ಕೆ ಹೋಗುವುದಿಲ್ಲ, ಬಳುಕುತ್ತದೆ ಎಂದು ಕಂಡು, ವಿಮಾನದ ರೆಕ್ಕೆಯನ್ನು ಎತ್ತುವ ಬರ್ನೂಲಿ ತತ್ತ್ವವೇ ಇಲ್ಲೂ ಕೆಲಸ ಮಾಡುತ್ತದೆ ಎಂದರು. ಆ ವಿವರಣೆ ಮುಂದೆ ಬಹಳಮಟ್ಟಿಗೆ ಸಡಿಲವಾಯಿತು. ನೀರನ್ನು ಹಿಂದಕ್ಕೆ ದೂಡುವುದೇ ಮುಖ್ಯ ಎಂಬ ಹಳೆಯ ಮಾತಿಗೆ ವಿದ್ವಾಂಸರು ಮರಳಿದ್ದಾರೆ. ಅವರ ಶಿಷ್ಯ ಮಾರ್ಕ್ ಸ್ಪಿಟ್ಜ್ 1972ರ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದದ್ದಂತೂ ಸಡಿಲವಾಗಲಿಲ್ಲ. ಇಷ್ಟೆಲ್ಲ ಅಳತೆ ನಡೆದದ್ದು ಆಗಲೇ ಈಜು ಬರುವವರಿಗಾಗಿ.

ಬಾರದವರ ಕಡೆ ತಿರುಗಿದವರು ಜಾರ್ಜಿಯಾ ಟೆಕ್ ಕಾಲೇಜಿನ ಈಜು ಶಿಕ್ಷಕ ಫ್ರೆಡ್ ಲಾನೂ. 1940ರ ದಶಕದಲ್ಲಿ ಅವರು ರೂಪಿಸಿದ ಕ್ರಮ ಡಿಗ್ಬಿಯ ಉಗುರು ಕತ್ತರಿಸುವವನಿಗೆ ಖುಷಿ ಕೊಡುತ್ತಿತ್ತು. ತಲೆಯನ್ನು ಹೊರಗೆ ಹಿಡಿಯುವ ಹಟ ಬಿಟ್ಟುಬಿಡಿ, ಎಂದರು ಲಾನೂ. ಎದೆ ತುಂಬ ಉಸಿರು ಎಳೆದು, ಮುಖ ನೀರಿಗೆ ಹಾಕಿ, ಕೈಕಾಲು ಇಳಿಬಿಟ್ಟು ತೂಗಾಡಿ. ಉಸಿರು ಬೇಕೆನಿಸಿದಾಗ ಕೈಯನ್ನು ಮೆತ್ತಗೆ ಕೆಳಗೆ ಒತ್ತಿ ಬಾಯನ್ನಷ್ಟೇ ಹೊರಗೆ ತನ್ನಿ. ಮತ್ತೆ ಮುಖ ಒಳಗೆ. ಐದು ಕಿಲೋ ತಲೆಯನ್ನು ಹೊರುವ ಕೆಲಸ ಹೀಗೆ ಕ್ಷಣಕ್ಕೊಮ್ಮೆ ಬದಲು ಹಲವು ಸೆಕೆಂಡಿಗೊಮ್ಮೆ ಬೀಳುತ್ತದೆ. ಎಷ್ಟು ಎತ್ತರಕ್ಕೆ ಚಿಮ್ಮುತ್ತೀರೋ ಅಷ್ಟು ಆಳಕ್ಕೆ ಮರಳಿ ಇಳಿಯುತ್ತೀರಿ ಎಂಬುದನ್ನೂ ಅವರು ಕಲಿಸಿದರು. ವಿದ್ಯಾರ್ಥಿಗಳ ಮಣಿಕಟ್ಟನ್ನು ಬೆನ್ನ ಹಿಂದೆ ಕಟ್ಟಿ, ಕಾಲು ಜೋಡಿಸಿ ಕಟ್ಟಿ, ಆಳದ ನೀರಿಗೆ ಬಿಡುತ್ತಿದ್ದರು. ಕ್ರೌರ್ಯದಂತೆ ಕಾಣುತ್ತದೆ. ಆದರೆ ಕಟ್ಟಿದ ಕೈಕಾಲಿನವರು ಮುಳುಗುವುದಿಲ್ಲ ಎಂದು ಒಮ್ಮೆ ಅನುಭವಿಸಿದವರಿಗೆ ನೀರಿನ ಭಯದಲ್ಲಿ ಏನು ಉಳಿದೀತು? 1980ರ ದಶಕದ ಕೊನೆಯವರೆಗೆ ಈ ಪಾಠ ಆ ಕಾಲೇಜಿನಲ್ಲಿ ಕಡ್ಡಾಯವಾಗಿತ್ತು.

ಲಾನೂ ಕ್ರಮಕ್ಕೂ ಒಂದು ಮಿತಿ ಇತ್ತು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಹೇವರ್ಡ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಅಲ್ಲಿಯ ಕೊರೆಯುವ ಕಡಲಿನಲ್ಲಿ ಪರೀಕ್ಷಿಸಿದಾಗ, ತಲೆ ಮುಳುಗಿಸುವವರ ಮೈ ಬಹಳ ಬೇಗ ತಣ್ಣಗಾಗುವುದು ಕಂಡಿತು. ಅಂಥ ನೀರಿನಲ್ಲಿ ಲೈಫ್ ಜಾಕೆಟ್ ತೊಟ್ಟು ಮಂಡಿ ಎದೆಗೆ ಒತ್ತಿಕೊಂಡು ಮುದುಡಿ ತೇಲುವುದೇ ಮೇಲು. ಕಾವೇರಿ, ಕೃಷ್ಣೆ, ಅರಬ್ಬೀ ಕಡಲಿನ ಬೆಚ್ಚಗಿನ ನೀರಿಗೆ ಈ ಆಕ್ಷೇಪ ಅಷ್ಟಾಗಿ ತಟ್ಟದು.

ಮುಳುಗುವವರು ನಿಜಕ್ಕೂ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿದವರು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ಆರ್ಚರ್ಡ್ ಬೀಚಿನ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ. 1970ರ ಸುಮಾರಿಗೆ ಅವರು ದಡದಿಂದ ಚಿತ್ರೀಕರಿಸಿದ ದೃಶ್ಯಗಳು ಸಿನಿಮಾಗಳೆಲ್ಲ ತೋರಿಸಿದ್ದಕ್ಕೆ ತದ್ವಿರುದ್ಧವಾಗಿದ್ದವು. ಮುಳುಗುವವರು ಕೂಗುವುದಿಲ್ಲ, ಬಾಯಿ ಮೇಲೆ ಬಂದಷ್ಟು ಹೊತ್ತು ಉಸಿರಿಗೇ ಸಾಲದು. ಕೈ ಬೀಸುವುದಿಲ್ಲ, ತೋಳು ಎರಡೂ ಕಡೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತಾರೆ. ಮೈ ನೆಟ್ಟಗೆ, ಕಾಲಿನಲ್ಲಿ ಚಲನೆ ಇಲ್ಲ. 20ರಿಂದ 60 ಸೆಕೆಂಡುಗಳಲ್ಲಿ ಎಲ್ಲ ಮುಗಿಯುತ್ತದೆ. ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ಐದು ಕಿಲೋ ತಲೆಯನ್ನು ಎರಡು ಕಿಲೋ ಲಾಭದ ಮೇಲೆ ನಿಲ್ಲಿಸುವ ಹೋರಾಟ. ಪಕ್ಕದಲ್ಲೇ ನೀರಾಟ ಆಡುತ್ತಿರುವವರಿಗೆ ಇದು ಮುಳುಗುವಿಕೆ ಎಂದು ಗೊತ್ತೇ ಆಗದಿರುವುದು ಇದರಿಂದಲೇ.

ಕಡಲಿನಲ್ಲಿ ಇದಕ್ಕೆ ಹರಿವು ಸೇರುತ್ತದೆ. ಅಲೆ ಮರಳುವಾಗ ಕಾಲಡಿಯ ಸೆಳೆತ ಮನುಷ್ಯನನ್ನು ತಳಕ್ಕೆ ಎಳೆದೊಯ್ಯುತ್ತದೆ ಎಂಬ ನಂಬಿಕೆ ಎಲ್ಲ ಕರಾವಳಿಗಳಲ್ಲೂ ಇದೆ. ಕ್ಯಾಲಿಫೋರ್ನಿಯಾದ ಸಮುದ್ರವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ 1936ರಲ್ಲಿ ಈ ಗೊಂದಲ ಬಿಡಿಸಿದರು. ದಡಕ್ಕೆ ಬಂದು ಬಿದ್ದ ನೀರು ಮರಳಿನ ದಿಬ್ಬಗಳ ನಡುವಿನ ಕಿರಿದಾದ ಓಣಿಯಲ್ಲಿ ಕಡಲಿಗೆ ಹಿಂದಿರುಗುತ್ತದೆ. ಅದು ಎಳೆಯುವುದು ಹೊರಕ್ಕೆ, ಕೆಳಕ್ಕಲ್ಲ. ಜೋರಾದಾಗ ಸೆಕೆಂಡಿಗೆ ಎರಡು ಮೀಟರಿನವರೆಗೂ ಹೋಗುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ಈಜಿನ ವೇಗಕ್ಕೆ ಹತ್ತಿರ. ಅದರ ಎದುರು ಈಜಿ ದಡ ಸೇರುವುದು ಯಾರಿಗೂ ಆಗದ ಮಾತು, ಏಕೆಂದರೆ ತಡೆ ವೇಗದ ವರ್ಗಕ್ಕೆ ಏರುತ್ತದೆಂಬ ಅದೇ ಲೆಕ್ಕ ಇಲ್ಲೂ ಕಾದಿರುತ್ತದೆ. ಅಡ್ಡಕ್ಕೆ ಈಜಿ ಓಣಿಯಿಂದ ಹೊರಬನ್ನಿ ಎಂದು ದಶಕಗಳ ಕಾಲ ಕಲಿಸಲಾಯಿತು. 2010ರಲ್ಲಿ ಜೇಮಿ ಮ್ಯಾಕ್‌ಮಹನ್ ಮತ್ತು ಸಂಗಡಿಗರು ತೇಲುವ ಸಾಧನಗಳನ್ನು ಬಿಟ್ಟು ಅಳೆದಾಗ, ಅವುಗಳಲ್ಲಿ ಬಹುಪಾಲು ಸುತ್ತು ಹೊಡೆದು ಅಲೆಯೊಡೆಯುವ ಪಟ್ಟಿಯೊಳಗೇ ಮರಳಿದವು. ಹಾಗಾದರೆ ತೇಲುವುದೋ, ಅಡ್ಡಕ್ಕೆ ಈಜುವುದೋ? ಆ ಬಳಿಕ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗಗಳು ಎಲ್ಲ ಕಡಲಿಗೂ ಒಪ್ಪುವ ಒಂದೇ ಉತ್ತರ ಇಲ್ಲ ಎಂದಿವೆ. ಎರಡಕ್ಕೂ ಮೊದಲು ಉಸಿರಾಡುತ್ತ ತೇಲಿರುವುದು ಬೇಕು ಎನ್ನುವಲ್ಲಿ ಜಗಳವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಇದರ ಬಗ್ಗೆ ಗಟ್ಟಿಯಾಗಿ ಏನಾದರೂ ಮಾಡಿ ತೋರಿಸಿದ್ದು ಈಜುಕೊಳಗಳ ದೇಶವಲ್ಲ, ಬಾಂಗ್ಲಾದೇಶ. 2003ರ ಸಮೀಕ್ಷೆ ಅಲ್ಲಿ ವರ್ಷಕ್ಕೆ ಸುಮಾರು 17,000 ಮಕ್ಕಳು ಮುಳುಗಿ ಸಾಯುತ್ತಾರೆ ಎಂದಿತ್ತು. ಹೆಚ್ಚಿನವರು ಮನೆಯ ಹತ್ತಿರದ ಹೊಂಡದಲ್ಲಿ. ತೀರ ಚಿಕ್ಕ ಮಕ್ಕಳಿಗೆ ತಾಯಂದಿರು ಕೆಲಸದಲ್ಲಿರುವ ಹೊತ್ತಿನಲ್ಲಿ ನೋಡಿಕೊಳ್ಳುವ ಮನೆ, ದೊಡ್ಡ ಮಕ್ಕಳಿಗೆ 'ಸ್ವಿಮ್‌ಸೇಫ್' ಎಂಬ ಪಾಠ. ಅದೇ ಹೊಂಡದಲ್ಲಿ ಬಿದಿರಿನ ಅಟ್ಟ ಕಟ್ಟಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ಅವರಿಂದ ಕಲಿಸಿದರು. ತೇರ್ಗಡೆಗೆ ಬೇಕಾದದ್ದು 25 ಮೀಟರ್ ಈಜು, 30 ಸೆಕೆಂಡ್ ತೇಲುವುದು, ಮುಳುಗುವವರನ್ನು ತಾನು ನೀರಿಗಿಳಿಯದೆ ಎಳೆದುಕೊಳ್ಳುವುದು. ಬಡಿತ ಚೆಂದವಿದೆಯೇ ಎಂದು ಯಾರೂ ನೋಡುವುದಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇಕಡಾ 90ಕ್ಕೂ ಹೆಚ್ಚು ಇಳಿದಿತ್ತು.

ತೇರ್ಗಡೆಯ ಮೂರನೆಯ ಭಾಗದ ಬೆಲೆ ಕನ್ನಡ ಪತ್ರಿಕೆಗಳ ಜಿಲ್ಲಾ ಸುದ್ದಿ ಓದುವವರಿಗೆ ಗೊತ್ತು. ಒಬ್ಬ ಹುಡುಗ ಕೆರೆಗೆ ಬೀಳುತ್ತಾನೆ, ಕಾಪಾಡಲು ಹೋದ ಅಣ್ಣ, ಆಮೇಲೆ ಅಪ್ಪ. ಮುಳುಗುವವರ ಕೈ ಕೆಳಕ್ಕೆ ಒತ್ತಲು ಹುಡುಕುವುದು ಯಾವುದಾದರೂ ಆಸರೆಯನ್ನು. ಹತ್ತಿರ ಬಂದವರ ಹೆಗಲು ಆ ಆಸರೆಯಾಗುತ್ತದೆ, ಅವರ ಎರಡು ಕಿಲೋ ಲಾಭ ಇಬ್ಬರಿಗೆ ಸಾಲುವುದಿಲ್ಲ. ದಡದಲ್ಲಿ ನಿಂತವರ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಲೆಕ್ಕವಿದೆ. ಮುಚ್ಚಳ ಬಿಗಿದ, ಬರಿದಾದ ಐದು ಲೀಟರ್ ಎಣ್ಣೆ ಕ್ಯಾನು ನೀರಿನಲ್ಲಿ ಐದು ಕಿಲೋಗೆ ಹತ್ತಿರದ ಭಾರ ಎತ್ತುತ್ತದೆ, ಅಂದರೆ ಸರಿಯಾಗಿ ಒಂದು ತಲೆ. ನೀರು ಸೇದಲು ತಂದ ಹತ್ತು ಲೀಟರಿನ ಪ್ಲಾಸ್ಟಿಕ್ ಬಿಂದಿಗೆಯನ್ನು ಬಾಯಿ ಕೆಳಗಾಗಿ ಅದುಮಿ ಹಿಡಿದರೆ ಅದು ಎರಡು ತಲೆಗಳನ್ನು ಹೊರುತ್ತದೆ. ಕುತ್ತಿಗೆಗೆ ಹಗ್ಗ ಕಟ್ಟಿದ್ದರೆ ಎಸೆದವರು ದಡದಲ್ಲೇ ನಿಂತು ಎಳೆದುಕೊಳ್ಳಬಹುದು.